ನೂರರಲ್ಲಿ ಎಂಬತ್ತಮೂರು

ಏಪ್ರಿಲ್ 9

ಅತ್ತಿಗೆ,

ನಿಮ್ಮ ಕಾಗದ ಮೊನ್ನೆ ಕೈಸೇರಿತು. ಫೋನಿನಲ್ಲಿ ಮುಗಿಯುವ ಮಾತಿಗೆ ಕಾಗದ ಯಾಕೆ ಎಂದು ಪೋಸ್ಟಿನವನು ನನ್ನನ್ನೇ ಕೇಳಿದ. ಫೋನಿನಲ್ಲಾದರೆ ನಾನು ಅಳುತ್ತೇನೆ, ನೀವು ಬೈಯುತ್ತೀರಿ, ಆಮೇಲೆ ಇಬ್ಬರೂ ಸಿಗ್ನಲ್ ಹೋಯಿತು ಎಂದು ಸುಳ್ಳು ಹೇಳಿ ಇಟ್ಟುಬಿಡುತ್ತೇವೆ ಎಂದು ಅವನಿಗೆ ಹೇಳಲಾಗುತ್ತದೆಯೇ? "ನಮ್ಮತ್ತಿಗೆಯ ಅಕ್ಷರ ಮುತ್ತಿನ ಹಾಗಿದೆ, ಅದಕ್ಕೆ" ಎಂದೆ. ಅವನು ಲಕೋಟೆಯ ಮೇಲಿನ ನಿಮ್ಮ ಅಕ್ಷರ ನೋಡಿ ನಕ್ಕು ಹೋದ.

ಯಾವ ಸಸಿ ನೆಡಬೇಕು ಎಂದು ಕೇಳಿದ್ದೀರಿ. ಈಗಲೇ ಹೇಳಲಾರೆ. ಇಲ್ಲಿ ನಡೆಯುತ್ತಿರುವುದನ್ನು ಬರೆಯುತ್ತೇನೆ, ನೀವು ಮೂವತ್ತು ಮನೆಯವರಿಗೂ ಓದಿ ಹೇಳಿ.

ನಮ್ಮ ಪರೀಕ್ಷೆಯ ತೋಟ ನಿಮ್ಮ ಇಳಿಜಾರಿನಷ್ಟೇ ಎತ್ತರದಲ್ಲಿದೆ. ಮಣ್ಣೂ ಹೆಚ್ಚುಕಡಿಮೆ ಅದೇ. ಇಲ್ಲಿ ಓಕ್ ಸಸಿಗಳ ಎರಡು ಸಾಲು ಇವೆ, ಒಂದೊಂದರಲ್ಲಿ ನೂರು ಗಿಡ. ಒಂದು ಸಾಲು ಗುಡ್ಡದ ಬೀಜದ್ದು, ಎಂದರೆ ಅಣ್ಣ ತೀರಿಹೋಗುವ ಮುಂಚಿನ ಶರತ್ಕಾಲದಲ್ಲಿ ನಿಮ್ಮ ಮೇಲಿನ ಕಾಡಿನಿಂದ ಆರಿಸಿ ತಂದ ಚೀಲದ್ದು. ಇನ್ನೊಂದು ಬಯಲ ಬೀಜದ್ದು. ಅದೇ ಜಾತಿಯ ಮರ, ಆದರೆ ತಲೆತಲಾಂತರದಿಂದ ಕೆಳಗಿನ ಕಾದ ನೆಲದಲ್ಲಿ ಬೆಳೆದದ್ದು. ಇವತ್ತಿನ ಬಯಲಿನ ಬಿಸಿಲೇ ಇನ್ನು ಇಪ್ಪತ್ತು ವರ್ಷಕ್ಕೆ ಗುಡ್ಡದ ಬಿಸಿಲು, ಹಾಗಾಗಿ ಆ ಬಿಸಿಲು ಕಂಡ ಬೀಜವನ್ನೇ ಮೇಲಕ್ಕೆ ತರಬೇಕು ಎನ್ನುವುದು ನಮ್ಮ ಕನ್ನಡಕದ ಆಫೀಸರರ ವಾದ. ಆದರೆ ಅವರು ವಾದವನ್ನು ನಂಬುವವರಲ್ಲ, ಎಣಿಕೆಯನ್ನು ನಂಬುವವರು. ಹೋದ ಮಳೆಗಾಲದಲ್ಲಿ ನೆಟ್ಟ ಮೇಲೆ ಎರಡು ಸಾಲಿಗೂ ಒಂದು ಹನಿ ನೀರು ಹಾಕುವಂತಿಲ್ಲ, ಇದೇ ಷರತ್ತು. ಜೂನ್ ಕೊನೆಗೆ ಯಾವ ಸಾಲಿನಲ್ಲಿ ಎಷ್ಟು ಬದುಕಿವೆ ಎಂದು ಎಣಿಸುತ್ತೇವೆ. ನಾನು ಇಲ್ಲಿಯ ಕಾವಲುಗಾರ್ತಿ, ಅಷ್ಟೇ. ನೋಡಬೇಕು, ಬರೆದುಕೊಳ್ಳಬೇಕು, ಕೈಕಟ್ಟಿ ನಿಲ್ಲಬೇಕು. ಇಪ್ಪತ್ತೆರಡು ವರ್ಷ ಸಸಿಗೆ ನೀರು ಹಾಕಿಯೇ ಅನ್ನ ತಿಂದವಳಿಗೆ ಇದೆಂಥ ಕೆಲಸ ಎಂದು ನೀವೇ ಹೇಳಿ.

ಅಣ್ಣನ ಅದೇ ಚೀಲದಿಂದ ಸಾವಿರದ ಎಂಟುನೂರು ಸಸಿ ನರ್ಸರಿಯಲ್ಲಿ ಸಿದ್ಧವಾಗಿವೆ. ಬಯಲ ಬೀಜದವೂ ಅಷ್ಟೇ ಇವೆ. ನಿಮಗೆ ಯಾವುದು ಎಂಬುದು ಜೂನಿನ ಎಣಿಕೆಯ ಮೇಲೆ.

ಬೇಗನೆ ಬಿಸಿಲೇರಿದೆ. ಊಟ ಸೇರುತ್ತಿಲ್ಲ, ಮತ್ತೇನಿಲ್ಲ.

ನಿಮ್ಮ ನಾದಿನಿ


ಏಪ್ರಿಲ್ 20

ಏ ನಾದಿನಿ,

ನಿನ್ನ ಕಾಗದವನ್ನು ಹಣ್ಣು ತುಂಬುವ ಶೆಡ್ಡಿನಲ್ಲಿ ಎಲ್ಲರ ಮುಂದೆ ಓದಿದೆ. ಕನ್ನಡಕದ ಆಫೀಸರು ಎಂದಾಗ ಎಲ್ಲರೂ ನಕ್ಕರು. ಜೂನ್ ಎಂದಾಗ ಯಾರೂ ನಗಲಿಲ್ಲ.

ಅವರದೇನೂ ತಪ್ಪಿಲ್ಲ. ಒರತೆಯ ಮೇಲಿನ ಇಳಿಜಾರಿಗೆ ಬೇಲಿ ಹಾಕಿ ಮೂರು ವರ್ಷ ಯಾರೂ ಆಡು ಬಿಡಬಾರದು ಎಂದು ಒಪ್ಪಿಸಲು ಮೂವತ್ತು ಮನೆಯ ಮುಖ್ಯಸ್ಥೆಯಾಗಿ ನಾನು ಎಷ್ಟು ಬಾಯಿ ಸವೆಸಿದೆ ಎಂದು ನಿನಗೆ ಗೊತ್ತು. ಮನೆಗೆ ಆರು ಎಂಟು ಆಡಿದ್ದವರು ಮಾರಿಬಿಟ್ಟರು. ನನ್ನ ಹನ್ನೊಂದನ್ನೂ ಮಾರಿದೆ. ಹೋಗುವಾಗ ಕುಂಟಾಡು ಲಾರಿಯಿಂದ ತಿರುಗಿ ನೋಡಿತು, ಆ ವಿಷಯ ಬಿಡು. ಒಂದು ವರ್ಷ ಆಗಲೇ ಕಳೆಯಿತು. ಇಳಿಜಾರು ಬೋಳಾಗಿಯೇ ಇದೆ. ಹಳೆಯ ಓಕ್ ಮರಗಳು ತುದಿಯಿಂದ ಒಣಗುತ್ತ ಬರುತ್ತಿವೆ, ನೆರಳು ಹೋದಲ್ಲೆಲ್ಲ ಮಣ್ಣು ಕಾದ ಹೆಂಚು.

ಒರತೆಯ ಕಥೆ ಕೇಳು. ಮೊದಲು ಒಂದು ಕೊಡ ತುಂಬುವಷ್ಟರಲ್ಲಿ ಇಬ್ಬರು ಹೆಂಗಸರು ಒಂದು ಜಗಳ ಶುರುಮಾಡಲೂ ಆಗುತ್ತಿರಲಿಲ್ಲ. ಈಗ ಜಗಳವಾಗಿ, ರಾಜಿಯಾಗಿ, ಮತ್ತೊಂದು ಜಗಳ ಶುರುವಾದರೂ ಕೊಡ ಅರ್ಧವೇ. ಸೇಬಿನ ಗಿಡಗಳಿಗೆ ಸಾಕಷ್ಟು ಚಳಿಯೇ ಸಿಗಲಿಲ್ಲ, ಹೂವು ಒಂದು ಕೊಂಬೆಯಲ್ಲಿದ್ದರೆ ಇನ್ನೊಂದರಲ್ಲಿಲ್ಲ. ಕೆಳಗಿನ ಎರಡು ಪಟ್ಟಿಯ ಗಿಡ ಕಡಿಸಿ ದಾಳಿಂಬೆ ಇಟ್ಟಿದ್ದೇನೆ. ಅದು ಬಿಸಿಲು ತಡೆಯುತ್ತದಂತೆ. ಆದರೆ ಅದಕ್ಕೂ ಬಾಯಿ ಒದ್ದೆಮಾಡಲು ನೀರು ಬೇಕಲ್ಲ? ಮೇಲೆ ಮರ ನಿಂತರೆ ಒರತೆ ನಿಲ್ಲುತ್ತದೆ, ಒರತೆ ನಿಂತರೆ ನಾವು ನಿಲ್ಲುತ್ತೇವೆ. ಸಸಿ ಸತ್ತರೆ ಇವರು ಇನ್ನೊಂದು ಸಲ ಬೇಲಿಗೆ ಒಪ್ಪುವುದಿಲ್ಲ. ಒಪ್ಪಿ ಎಂದು ಕೇಳಲು ನನಗೂ ಮುಖ ಇರುವುದಿಲ್ಲ.

ಹಠದಜ್ಜ ಮಾತ್ರ ಎಂದಿನಂತೆ. "ಬಯಲಿಂದು ಬರಲಿ, ಗುಡ್ಡದ್ದು ಬರಲಿ, ನಿನ್ನ ಗಂಡ ಆರಿಸಿದ್ದು ಅಂತ ಒಂದನ್ನ ನಮ್ಮ ತಲೆಗೆ ಕಟ್ಟಬೇಡ ಕಣಮ್ಮ" ಎಂದ. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಸ್ವಭಾವ ಅಲ್ಲ ಎಂದು ಅವನಿಗೂ ಗೊತ್ತು, ಅದಕ್ಕೇ ಎರಡು ಸಲ ತಿರುಗಿ ನೋಡಿದ.

ಮೇ ತಿಂಗಳಲ್ಲಿ ಒಂದು ದಿನ ಬರುತ್ತೇನೆ. ನಿಮ್ಮಣ್ಣನ ಸಾಲು ನೋಡಬೇಕು. ಹೊಟ್ಟೆ ತುಂಬ ಉಣ್ಣು. ಒಬ್ಬಳೇ ಇದ್ದೇನೆ ಎಂದು ಒಲೆ ಹಚ್ಚದೆ ಮಲಗುವುದು ನಿನಗೆ ಮೊದಲಿನಿಂದ ಇರುವ ರೋಗ.

ಅತ್ತಿಗೆ


ಮೇ 24

ಅತ್ತಿಗೆ,

ಬಂದಿರಿ, ಹೋದಿರಿ. ಸಂಜೆಯ ಬಸ್ಸಿಗೆ ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟಿರಿ. ನಿಮಗೆಂದು ಹಾಸಿಗೆ ಬಿಸಿಲಿಗೆ ಹಾಕಿದ್ದೆ, ಅದು ಹಾಗೇ ಉಳಿಯಿತು.

ನನ್ನ ಮೇಲೆ ಬೇಸರವಾಯಿತೇ? ನಾನು ನರ್ಸರಿಯ ಲೆಕ್ಕದ ಪುಸ್ತಕ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನೀವು ಅಣ್ಣನ ಸಾಲಿನಲ್ಲಿ ಕುಳಿತಿದ್ದಿರಿ. ಕರೆಯಬಾರದು ಎನಿಸಿತು. ಆಮೇಲೆ ನೀವು ಎದ್ದು ಬಂದು ತಲೆನೋವು ಎಂದಿರಿ. ಅಣ್ಣ ಹೋದಾಗ ನಾನು ಒಂದು ದಿನ ತಡವಾಗಿ ಬಂದದ್ದರ ಬಗ್ಗೆ ನೀವು ಒಂದು ದಿನ ಕೇಳುತ್ತೀರಿ ಎಂದು ಕಾಯುತ್ತಲೇ ಇದ್ದೇನೆ. ಈ ಸಲವೂ ಕೇಳಲಿಲ್ಲ. ಆವತ್ತು ಇಲ್ಲಿ ಬೀಜ ನೆನೆಹಾಕುವ ಕೆಲಸ ಇತ್ತು. ನೀರಿನಲ್ಲಿ ತೇಲಿದ ಬೀಜ ತೆಗೆದು ಮುಳುಗಿದ್ದನ್ನು ಇಟ್ಟುಕೊಳ್ಳಬೇಕು, ಹೊತ್ತು ಮೀರಿದರೆ ಎಲ್ಲವೂ ಹಾಳು. ಅಣ್ಣನ ಚೀಲದ್ದೇ ಬೀಜ. ಮುಗಿಸಿ ಹೊರಡೋಣ ಎಂದುಕೊಂಡೆ. ಅವನಿಗೆ ಅಷ್ಟು ಅವಸರ ಇದೆ ಎಂದು ಯಾರಿಗೆ ಗೊತ್ತಿತ್ತು?

ಇಲ್ಲಿ ನಲವತ್ತೊಂದು ಡಿಗ್ರಿ. ಎರಡನೆಯ ಸಾಲಿನಲ್ಲಿ ಬಯಲ ಗಿಡಗಳು ಎಲೆಯನ್ನು ಮಡಚಿಕೊಂಡು ಜಿಪುಣರ ಹಾಗೆ ನಿಂತಿವೆ. ಆಫೀಸರು ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ.

ತಲೆನೋವು ಹೇಗಿದೆ, ಬರೆಯಿರಿ.

ನಾದಿನಿ


ಜುಲೈ 2

ಅತ್ತಿಗೆ,

ಎಣಿಕೆ ಮುಗಿಯಿತು. ಗುಡ್ಡದ ಬೀಜ, ನೂರರಲ್ಲಿ ಎಂಬತ್ತಮೂರು. ಬಯಲ ಬೀಜ, ನೂರರಲ್ಲಿ ಎಪ್ಪತ್ತೊಂದು.

ಆಫೀಸರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಂದು ಸಲ ಎಣಿಸಿದರು. "ನನ್ನ ಲೆಕ್ಕ ತಲೆಕೆಳಗಾಯ್ತಲ್ಲ" ಎಂದರು. ಆಮೇಲೆ ಪಾಪ, ನಕ್ಕು, "ಇರಲಿ, ಮರ ಹೇಳಿದ್ದೇ ಸರಿ" ಎಂದು ಸಹಿ ಹಾಕಿದರು.

ಅಣ್ಣನ ಸಸಿಗಳನ್ನೇ ಕಳಿಸಲು ಅಪ್ಪಣೆಯಾಗಿದೆ. ಲಾರಿ ಹನ್ನೊಂದಕ್ಕೆ ಬರುತ್ತದೆ. ಬೇರಿನ ಮಣ್ಣು ಉದುರದಂತೆ ಇಳಿಸಿಕೊಳ್ಳಿ.

ನಾದಿನಿ


ಜುಲೈ 29

ಏ ಹುಡುಗಿ,

ಐವತ್ತು ಮುಟ್ಟಿದವಳನ್ನು ಹುಡುಗಿ ಎನ್ನುತ್ತಿದ್ದೇನೆ, ಅಷ್ಟು ಖುಷಿಯಲ್ಲಿದ್ದೇನೆ ಎಂದು ತಿಳಿದುಕೊ.

ನೆಟ್ಟದ್ದಾಯಿತು. ಸಾವಿರದ ಎಂಟುನೂರು ಗುಂಡಿ, ಮೂವತ್ತು ಮನೆ, ಒಂಬತ್ತು ದಿನ. ಸೊಂಟ ಹಿಡಿದು ಈಗ ಬಾಗಿದರೆ ಏಳಲಾರೆ, ಎದ್ದರೆ ಬಾಗಲಾರೆ. ಎಂಬತ್ತಮೂರು ಎಂದು ಶೆಡ್ಡಿನಲ್ಲಿ ಹೇಳಿದಾಗ ಯಾರೋ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, "ಇದಕ್ಕೆ ನಾನು ಹೊಣೆ" ಎಂದೆ. ಯಾರೂ ಕೇಳದೆಯೇ ಹೇಳಿದೆ.

ಹಠದಜ್ಜ ಒಪ್ಪಲಿಲ್ಲ. ಲಾರಿಯವನಿಗೆ ಹೇಳಿ ನಲವತ್ತು ಬಯಲ ಸಸಿ ತರಿಸಿಕೊಂಡು ಬೇಲಿಯ ಮೂಲೆಯಲ್ಲಿ ತಾನೇ ನೆಟ್ಟ. "ಎಲ್ಲಾರೂ ಒಂದೇ ದಿಕ್ಕಿಗೆ ನಡೆದ್ರೆ ನಂಗೆ ಭಯ ಆಗುತ್ತೆ" ಎಂದ. ಮಾಡಿಕೊಳ್ಳಲಿ.

ನನ್ನ ಅಡುಗೆಮನೆಯ ಕಿಟಕಿ ತೆಗೆದರೆ ಈಗ ನಿಮ್ಮಣ್ಣನ ಸಸಿಗಳು ಕಾಣುತ್ತವೆ. ಬೆಳಿಗ್ಗೆ ಚಹಾ ಕುಡಿಯುವಾಗ ನೋಡುತ್ತೇನೆ. ಹದಿನೆಂಟು ತಿಂಗಳಾದ ಮೇಲೆ ಚಹಾ ಚಹಾದ ಹಾಗೆ ಇದೆ.

ಅತ್ತಿಗೆ


ನವೆಂಬರ್ 28

ನಾದಿನಿಗೆ,

ಐದು ತಿಂಗಳಾಗುತ್ತ ಬಂತು, ನಿನ್ನದೊಂದು ಕಾಗದ ಇಲ್ಲ. ನಾನು ಬರೆದ ಎರಡಕ್ಕೂ ಉತ್ತರ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ನಿನ್ನ ಕಡೆಯ ಪೋಸ್ಟಿನವನನ್ನು ಬೇರೆಯವರಿಂದ ಕೇಳಿಸಿದರೆ, "ಚೆನ್ನಾಗೇ ಇದಾರಲ್ಲ, ನಿನ್ನೆ ತಾನೆ ಹುಲ್ಲು ಕೀಳ್ತಾ ಇದ್ರು" ಎಂದನಂತೆ.

ಸಸಿಗಳು ಮೊಣಕಾಲಿನವರೆಗೆ ಬಂದಿವೆ. ಈ ಸಲವೂ ಚಳಿ ಬಂದ ಹಾಗಿಲ್ಲ. ಹುಷಾರಾಗಿರು.

ಅತ್ತಿಗೆ


ಮೇ 12

ನಾದಿನಿಗೆ,

ಸಸಿಗಳು ಸಾಯುತ್ತಿವೆ.

ಏಪ್ರಿಲ್ ಹತ್ತರ ಹೊತ್ತಿಗೆ ಎಲೆಯಂಚು ಕಂದಾಯಿತು. ಹೊಸ ಜಾಗ, ಸುಧಾರಿಸಿಕೊಳ್ಳುತ್ತವೆ ಎಂದು ಎಲ್ಲರಿಗೂ ಧೈರ್ಯ ಹೇಳಿದೆ. ಮೂರು ವಾರ ಬಿಸಿಗಾಳಿ ಬೀಸಿತು. ನಿನ್ನೆ ನಾನೂ ಪಕ್ಕದ ಮನೆಯವಳೂ ಸುಣ್ಣದ ಡಬ್ಬಿ ಹಿಡಿದು, ಸತ್ತದ್ದಕ್ಕೆಲ್ಲ ಗುರುತು ಹಾಕುತ್ತ ಎಣಿಸಿದೆವು. ಸಾವಿರದ ನಾಲ್ಕುನೂರ ಇಪ್ಪತ್ತು. ಸುಣ್ಣ ಮುಗಿದುಹೋಯಿತು, ಆಮೇಲೆ ಕಲ್ಲು ಇಟ್ಟೆವು. ಉಳಿದದ್ದು ಮುನ್ನೂರ ಎಂಬತ್ತು.

ಅಜ್ಜನ ಮೂಲೆಯಲ್ಲಿ ನಲವತ್ತರಲ್ಲಿ ಮೂವತ್ತೊಂದು ನಿಂತಿವೆ. ಅದೇ ಬೇಲಿಯ ಒಳಗೆ, ಅದೇ ಬಿಸಿಲು, ಅದೇ ಕಲ್ಲುಮಣ್ಣು. ಅವನೇನೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗುತ್ತಿದ್ದೆ.

ಮೂರು ಮನೆಯವರು ಆಗಲೇ ಆಡು ತರುವ ಮಾತಾಡುತ್ತಿದ್ದಾರೆ. ಬಾಕಿಯವರು ಇನ್ನೂ ನನ್ನ ಮುಖ ನೋಡುತ್ತಿದ್ದಾರೆ. ನಾನು ಏನು ಹೇಳಲಿ?

ನಿನ್ನ ತೋಟದಲ್ಲಿ ನೂರರಲ್ಲಿ ಎಂಬತ್ತಮೂರು. ಇಲ್ಲಿ ಯಾಕೆ ಹೀಗೆ? ಇದೊಂದಕ್ಕೆ ಉತ್ತರ ಬರೆ.

ಅತ್ತಿಗೆ


ಮೇ 19

ಅತ್ತಿಗೆ,

ನಿಮ್ಮ ಕಾಗದ ಓದಿ ಕೂಡಲೇ ಬರೆಯುತ್ತಿದ್ದೇನೆ.

ಕಾರಣ ಹಲವು ಇರಬಹುದು. ನಿಮ್ಮ ಇಳಿಜಾರು ಪಶ್ಚಿಮಕ್ಕೆ ಮುಖ ಮಾಡಿದೆ, ನಮ್ಮ ತೋಟ ಸ್ವಲ್ಪ ಉತ್ತರಕ್ಕೆ. ಈ ವರ್ಷದ ಗಾಳಿ ಹೋದ ವರ್ಷ ಇರಲಿಲ್ಲ. ಲಾರಿಯಲ್ಲಿ ಬೇರು ಅಲುಗಿರಬಹುದು. ಗುಂಡಿ ಆಳ ಸಾಲದೆ ಹೋಗಿರಬಹುದು. ಆಫೀಸರನ್ನು ಕೇಳಿ ಬರೆಯುತ್ತೇನೆ.

ನಾದಿನಿ


ಜೂನ್ 3

ಅತ್ತಿಗೆ,

ಹೋದ ಕಾಗದವನ್ನು ಹರಿದು ಒಲೆಗೆ ಹಾಕಿ. ಗುಂಡಿ ಆಳ ಸಾಲದು ಎಂದು ಬರೆದೆನಲ್ಲ, ನೀವು ಸೊಂಟ ಮುರಿದುಕೊಂಡು ತೋಡಿದ ಗುಂಡಿಗೆ. ಬರೆದ ಕೈ ಸೇದಿಹೋಗಬೇಕಿತ್ತು.

ಅಣ್ಣನ ಸಾಲಿಗೆ ನಾನು ನೀರು ಹಾಕಿದೆ.

ಹೋದ ವರ್ಷ ಏಪ್ರಿಲ್ ನಡುವಿನಿಂದ ಜೂನ್ ಕೊನೆಯವರೆಗೆ, ಮೂರು ದಿನಕ್ಕೊಮ್ಮೆ, ಬೆಳಗಾಗುವ ಹೊತ್ತಿಗೆ. ಮೊದಲ ದಿನ ಒಂದೇ ಗಿಡಕ್ಕೆ ಹಾಕಿದ್ದು. ಅದರ ಎಲೆ ಜೋತುಬಿದ್ದಿತ್ತು. ಕುಡಿದು ಉಳಿದ ಅರ್ಧ ಲೋಟ ನೀರು ಕೈಯಲ್ಲಿತ್ತು, ಸುರಿದುಬಿಟ್ಟೆ. ಸುರಿದ ಮೇಲೆಯೇ ಏನು ಮಾಡಿದೆ ಎಂದು ತಿಳಿದದ್ದು. ಒಂದಕ್ಕೆ ಹಾಕಿದರೆ ಪಕ್ಕದ್ದು ನನ್ನನ್ನೇ ನೋಡಿದ ಹಾಗಾಯಿತು. ಮಾರನೆಯ ವಾರ ಡಬ್ಬ ಹಿಡಿದೆ. ಹಾಕಿದ ಮೇಲೆ ಒಣಮಣ್ಣನ್ನೂ ತರಗೆಲೆಯನ್ನೂ ಎಳೆದು ಮುಚ್ಚುತ್ತಿದ್ದೆ. ಹಾಗೆ ಮುಚ್ಚುವಾಗ ಇದು ಕಳ್ಳತನ ಎಂದು ಚೆನ್ನಾಗಿ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ನಿಮ್ಮ ಹತ್ತಿರ ನಾಟಕ ಮಾಡುವುದಿಲ್ಲ.

ಬಯಲ ಸಾಲಿಗೆ ಒಂದು ಹನಿ ಹಾಕಲಿಲ್ಲ. ಅದಕ್ಕೂ ಹಾಕಿದ್ದರೆ ಪರೀಕ್ಷೆ ಹಾಳಾಯಿತೆಂದು ಎಲ್ಲರಿಗೂ ತಿಳಿಯುತ್ತಿತ್ತು, ಯಾರಿಗೂ ಕೇಡಾಗುತ್ತಿರಲಿಲ್ಲ. ನನಗೆ ಬಯಲ ಗಿಡದ ಮೇಲೆ ಕರುಣೆ ಬರಲಿಲ್ಲ, ನೋಡಿ. ಅವು ಯಾರೋ ಆರಿಸಿದ್ದು. ಅಣ್ಣನ ಚೀಲವನ್ನು ನಾನೇ ಬಿಚ್ಚಿದ್ದೆ. ಅವನು ಒಂದೊಂದು ಬೀಜವನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಬಂದರೆ ಹುಳುಕು ಎಂದು ಎಸೆದು, ಗಟ್ಟಿಯಾದದ್ದನ್ನಷ್ಟೇ ಹಾಕಿದ್ದ. ಅವನು ಸಾಯುವಾಗ ನಾನು ಈ ಬೀಜ ಉಳಿಸುತ್ತ ಕುಳಿತಿದ್ದೆ. ಆ ಬೀಜವೂ ನನ್ನ ಕಣ್ಣೆದುರೇ ಒಣಗಿದರೆ ನಾನು ಬರದೇ ಇದ್ದದ್ದು ಯಾತಕ್ಕೆ?

ಎಣಿಕೆಯ ದಿನ ಹೇಳಬಹುದಿತ್ತು. ಆಫೀಸರು ಕನ್ನಡಕ ಒರೆಸುವಾಗ ಬಾಯಿಯವರೆಗೆ ಬಂತು. ನೀವು ಖುಷಿಯಾಗಿ ಬರೆದ ಕಾಗದ ಬಂದ ಮೇಲೆ ಅದೂ ಹೋಯಿತು. ನವೆಂಬರಿನಲ್ಲಿ ನಿಮಗೆ ಆರು ಕಾಗದ ಬರೆದು ಹರಿದೆ.

ಈ ಬೇಸಿಗೆಯಲ್ಲಿ ನೀರು ಹಾಕಲಿಲ್ಲ. ದಿನವೂ ಹೋಗಿ ನೋಡಿದೆ. ಅಣ್ಣನ ಎಂಬತ್ತಮೂರರಲ್ಲಿ ಹದಿನಾಲ್ಕು ಉಳಿದಿವೆ. ಸತ್ತದ್ದನ್ನು ಕಿತ್ತು ನೋಡಿದರೆ ಬೇರು ಒಂದು ಗೇಣೂ ಕೆಳಗೆ ಇಳಿದಿಲ್ಲ. ಮೇಲೆಯೇ ನೀರು ಸಿಗುತ್ತಿದ್ದಾಗ ಅದಾದರೂ ಯಾಕೆ ಇಳಿದೀತು? ಬಯಲ ಸಾಲಿನಲ್ಲಿ ಎಪ್ಪತ್ತೊಂದರಲ್ಲಿ ಅರವತ್ತೆಂಟು ಇವೆ.

ನಿನ್ನೆ ಆಫೀಸರಿಗೆ ಹೇಳಿದೆ. ಅವರು ಬೈಯಲಿಲ್ಲ. ಆ ಎಣಿಕೆ ನಂಬಿ ಇನ್ನೂ ಎರಡು ಕಣಿವೆಯವರಿಗೆ ಗುಡ್ಡದ ಸಸಿ ಕೊಡುವ ಕಾಗದ ಹೊರಡುವುದರಲ್ಲಿತ್ತಂತೆ, ತಡೆದರು. "ನನ್ನ ಲೆಕ್ಕ ತಪ್ಪಾಯ್ತು ಅಂತ ಒಂದು ವರ್ಷ ನಿದ್ದೆ ಮಾಡಿಲ್ಲ ಕಣಮ್ಮ" ಎಂದರು. ಅಷ್ಟೇ. ತಪ್ಪಿನ ವರದಿ ಎಂದು ಒಂದು ಫಾರಂ ಕೊಟ್ಟರು. ಕಾರಣ ಬರೆಯಲು ಅದರಲ್ಲಿ ಒಂದೇ ಸಾಲು ಜಾಗ. "ಕಾವಲುಗಾರ್ತಿ ನೀರು ಹಾಕಿದಳು" ಎಂದು ಬರೆದೆ. ಈ ತಿಂಗಳ ಕೊನೆಗೆ ತೋಟ ಬೇರೆಯವರ ಕೈಗೆ ಹೋಗುತ್ತದೆ. ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ.

ಬಯಲ ಸಸಿ ಸಾವಿರದ ಏಳುನೂರ ಅರವತ್ತು ಇಲ್ಲೇ ಇವೆ. ಬೇರು ಚೀಲದೊಳಗೆ ಸುತ್ತಿಕೊಂಡಿದೆ. ಸುತ್ತಿದ್ದನ್ನು ಕತ್ತರಿಸಿ ನೆಟ್ಟರೆ ಈ ಮಳೆಗೂ ಹಿಡಿಯುತ್ತವೆ, ಇನ್ನೊಂದು ವರ್ಷ ಇಟ್ಟರೆ ದಂಡ. ನೀವು ಬೇಕೆಂದರೆ ಕೊಡುವುದಾಗಿ ಆಫೀಸರು ಒಪ್ಪಿದ್ದಾರೆ. ಮಳೆಗೆ ನಾಲ್ಕು ವಾರ ಇದೆ.

ನಿಮ್ಮ ಜನರಿಗೆ ನನ್ನ ಹೆಸರು ಹಿಡಿದೇ ಹೇಳಿ. ಹೊಣೆ ನಿಮ್ಮದು ಎಂದು ನೀವು ನಿಂತಿದ್ದಿರಿ, ಅದು ನನ್ನದು. ಕ್ಷಮಿಸಿ ಎಂದು ಕೇಳುವುದಿಲ್ಲ. ಹನ್ನೊಂದು ಆಡು ಮಾರಿದವರ ಹತ್ತಿರ ಯಾವ ಬಾಯಿಂದ ಕೇಳಲಿ?

ನಾದಿನಿ


ಜೂನ್ 17

ನಾದಿನಿಗೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಹತ್ತು ದಿನವೂ ಬರೆಯಲು ಕೂತೆ, ಎದ್ದೆ. ನೀನು ನನಗೆ ದೊಡ್ಡ ಶಿಕ್ಷೆ ಕೊಟ್ಟೆ, ಮಹರಾಯಿತಿ. ನೀನು ಒಪ್ಪಿಕೊಳ್ಳದೇ ಇದ್ದಿದ್ದರೆ ನಾನು ಜನ್ಮಪೂರ್ತಿ ತಪ್ಪನ್ನೆಲ್ಲ ನಿನ್ನ ಮೇಲೆ ಹಾಕಿ ಬದುಕುತ್ತಿದ್ದೆ.

ನನಗೆ ಗೊತ್ತಿತ್ತು.

ಹೋದ ಮೇ ತಿಂಗಳಲ್ಲಿ ಬಂದಾಗ ನಿಮ್ಮಣ್ಣನ ಸಾಲಿನಲ್ಲಿ ಕೂತೆನಲ್ಲ, ನೆಲಕ್ಕೆ ಕೈ ಊರಿದೆ. ತರಗೆಲೆಯ ಕೆಳಗೆ ಮಣ್ಣು ತಣ್ಣಗಿತ್ತು. ಬೆರಳು ಹಾಕಿದೆ, ಮೆತ್ತಗೆ ಒಳಗೆ ಹೋಯಿತು. ಎದ್ದು ನೋಡಿದರೆ ಬಟ್ಟೆಯ ಅಂಚಿಗೆ ಕೆಸರು. ನಲವತ್ತೊಂದು ಡಿಗ್ರಿಯಲ್ಲಿ ಎಲ್ಲಿಯ ಕೆಸರು? ನಲವತ್ತು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದ ಸಾಲಿಗೂ ಹೋಗಿ ಕೈ ಹಾಕಿದೆ. ಅಲ್ಲಿ ಉಗುರು ಮುರಿಯಿತು. ನೀನು ಒಳಗಿನಿಂದ ಬರುವುದರೊಳಗೆ ಕೈ ಒರೆಸಿಕೊಂಡು ತಲೆನೋವು ಎಂದೆ. ಸಂಜೆಯವರೆಗೆ ಇದ್ದರೆ ಕೇಳಿಬಿಡುತ್ತೇನೆ ಎಂದು ಮಧ್ಯಾಹ್ನದ ಬಸ್ಸು ಹಿಡಿದೆ.

ಯಾಕೆ ಕೇಳಲಿಲ್ಲ ಎಂದರೆ, ನನಗೂ ಅದೇ ಬೇಕಿತ್ತು. ಒರತೆಯ ಮೇಲೆ ನಿಮ್ಮಣ್ಣನ ಬೀಜವೇ ಬೆಳೆಯಬೇಕಿತ್ತು. ಕಿಟಕಿಯಿಂದ ಅವರ ಗಿಡವೇ ಕಾಣಬೇಕಿತ್ತು. ಮೂವತ್ತು ಮನೆಯ ನೀರಿಗಿಂತ ನನಗೆ ಅದು ಹೆಚ್ಚಾಯಿತು. ಎಂಬತ್ತಮೂರು ಎಂದು ನೀನು ಬರೆದಾಗ ಅದನ್ನು ನಂಬಿದ್ದು ಊರವರೆಲ್ಲ, ನಾನಲ್ಲ. ನಾನು ಬಳಸಿಕೊಂಡೆ. ಸಸಿ ಸಾಯುತ್ತಿವೆ ಎಂದು ಮೇ ತಿಂಗಳಲ್ಲಿ ನಿನ್ನನ್ನು ಕೇಳಿದ್ದೂ ಕಪಟವೇ. ನಿನ್ನ ಬಾಯಿಂದ ಬರಲಿ, ನನ್ನ ಬಾಯಿ ಚೊಕ್ಕವಾಗಿ ಉಳಿಯಲಿ ಎಂದು ಕೇಳಿದೆ.

ಮೊನ್ನೆ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. "ನನ್ನ ನಾದಿನಿ ನೀರು ಹಾಕಿದ್ಲು. ನಾನು ಅದನ್ನ ಕಣ್ಣಾರೆ ಕಂಡು ಸುಮ್ಮನಿದ್ದೆ. ಅವಳು ತಾನಾಗೇ ಒಪ್ಪಿಕೊಂಡ್ಲು, ನಾನು ಅವಳ ಹಿಂದೆ ಬಚ್ಚಿಟ್ಕೊಂಡಿದ್ದೆ" ಎಂದೆ. ಪಕ್ಕದ ಮನೆಯವಳು, ನನ್ನ ಜೊತೆ ಸುಣ್ಣ ಹಾಕಿದವಳು, ಎದ್ದು ಹೊರಗೆ ಹೋದಳು. ಇವತ್ತಿಗೂ ಒರತೆಯ ಹತ್ತಿರ ಸಿಕ್ಕರೆ ಕೊಡದ ಕಡೆ ನೋಡುತ್ತಾಳೆ. ನೋಡಲಿ. ನಾನಾಗಿದ್ದರೆ ಕೊಡ ಎತ್ತಿ ಹಾಕುತ್ತಿದ್ದೆ.

ಆಮೇಲೆ ಬಾಯಿಗೆ ಬಂದ ಹಾಗೆ ಬೈದರು. ಎರಡು ಗಂಟೆ ಬೈಸಿಕೊಂಡೆ. ನನ್ನನ್ನು ಮುಖ್ಯಸ್ಥೆಯ ಕೆಲಸದಿಂದ ತೆಗೆದರು, ಹಠದಜ್ಜನನ್ನು ಕೂರಿಸಿದರು. ಅವನಿಗೆ ಬೇಡವಾಗಿತ್ತು. "ನನಗೆ ಬೇಡ ಅನ್ನೋಕೆ ಬರುತ್ತೆ, ಬೇಕು ಅನ್ನೋಕೆ ಅಭ್ಯಾಸ ಇಲ್ಲ" ಎಂದು ಗೊಣಗುತ್ತಲೇ ಕೂತ. ಬೇಲಿ ಇರಬೇಕೇ ಬೇಡವೇ ಎಂದು ಕೈ ಎತ್ತಿಸಿದ. ಇರಲಿ ಎಂದವರು ಹದಿನೇಳು ಮನೆ, ಬೇಡ ಎಂದವರು ಹದಿಮೂರು. ಅವನ ಮೂಲೆಯ ಮೂವತ್ತೊಂದು ಗಿಡ ಕಣ್ಣೆದುರು ಇಲ್ಲದಿದ್ದರೆ ನಾಲ್ಕು ಕೈಯೂ ಏಳುತ್ತಿರಲಿಲ್ಲ. ಬಯಲ ಸಸಿ ತರಿಸುವುದು ಎಂದಾಯಿತು. ಬದುಕಿರುವ ಮುನ್ನೂರ ಎಂಬತ್ತನ್ನು ಯಾರೂ ಮುಟ್ಟಬಾರದು, ಬಿಸಿಲು ತಡೆದ ಗಿಡ ಯಾರ ಬೀಜದ್ದಾದರೂ ಗಿಡವೇ ಎಂದು ಅವನೇ ಹೇಳಿದ. ನಾನು ಕೇಳಿರಲಿಲ್ಲ.

ಹೊಸ ಗುಂಡಿ ತೋಡಲು ಯಾರಲ್ಲೂ ಕಸುವಿಲ್ಲ, ಯಾರನ್ನೂ ಕೇಳುವ ಮುಖ ನನಗೂ ಇಲ್ಲ. ಸತ್ತ ಸಸಿ ಕಿತ್ತು ಅದೇ ಗುಂಡಿಯಲ್ಲಿ ಬಯಲದ್ದನ್ನು ನೆಡುವುದು. ಆ ಕೀಳುವ ಕೆಲಸ ನನ್ನ ಪಾಲಿಗೆ ಬಂತು, ಅದು ಸರಿಯೇ. ನಿನ್ನೆ ಬೆಳಿಗ್ಗೆ ಹೋದೆ. ಹನ್ನೆರಡು ಕಿತ್ತೆ. ಸುಲಭವಾಗಿ ಬರುತ್ತವೆ, ಎರಡು ಬೆರಳು ಸಾಕು. ಹದಿಮೂರನೆಯದರ ಹತ್ತಿರ ಕೂತುಬಿಟ್ಟೆ, ಆಗಲಿಲ್ಲ. ಆವತ್ತು ಜನ ಬಂದು ನಿಮ್ಮಣ್ಣನನ್ನು ಎತ್ತಿಕೊಂಡು ಹೋದಾಗ ನಾನು ಅಳಲಿಲ್ಲ ಎಂದು ನೀನೇ ಯಾರಿಗೋ ಹೇಳಿದೆಯಂತೆ. ನಿನ್ನೆ ಅತ್ತೆ.

ನೀನು ಒಂದು ದಿನ ತಡವಾಗಿ ಬಂದದ್ದರ ಬಗ್ಗೆ ನನಗೆ ಸಿಟ್ಟಿತ್ತು. ಈಗಲೂ ಇದೆ. ಅದನ್ನು ಇಟ್ಟುಕೊಂಡೇ ಕರೆಯುತ್ತಿದ್ದೇನೆ. ತೋಟ ಬೇರೆಯವರ ಕೈಗೆ ಹೋಗುವವರೆಗೆ ಕಾಯಬೇಡ, ರಜೆ ಹಾಕಿ ಬಾ. ಜನ ಬೈಯುತ್ತಾರೆ, ಬೈಸಿಕೊಳ್ಳೋಣ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಮಳೆ ಬರುವುದರೊಳಗೆ ಇನ್ನೂ ಸಾವಿರದ ನಾಲ್ಕುನೂರ ಎಂಟು ಕೀಳಬೇಕು. ನನ್ನೊಬ್ಬಳ ಕೈಲಿ ಆಗುವುದಿಲ್ಲ.

ಅತ್ತಿಗೆ